ಹುಣಸೆ, ನಿಂಬೆ, ಅಂಟುವಾಳ

ಕೇಳುಗರಿಗೆ ನಮಸ್ಕಾರ.

ದಸರಾ ಹತ್ತಿರ ಬಂದಿತೆಂದರೆ ನಮ್ಮ ಮೈಸೂರಿನ ಮನೆಗಳಲ್ಲಿ ಅಟ್ಟದ ಸಾಮಾನೆಲ್ಲ ಕೆಳಗಿಳಿಯುತ್ತದೆ. ಗೊಂಬೆ ಕೂರಿಸಬೇಕು, ಅದಕ್ಕೆ ಮೊದಲು ಮನೆ ತೊಳೆಯಬೇಕು. ಮೊನ್ನೆ ನಾನೂ ಹಿತ್ತಾಳೆಯ ದೀಪದ ಕಂಬಗಳನ್ನು ಇಳಿಸಿದೆ. ಕಪ್ಪಿಟ್ಟಿದ್ದವು. ಹಿಡಿಯಷ್ಟು ಹಳೆಯ ಹುಣಸೆಹಣ್ಣು ನೆನೆಸಿ, ಕಲ್ಲುಪ್ಪು ಬೆರೆಸಿ, ತೆಂಗಿನ ನಾರಿನಿಂದ ಉಜ್ಜಿದೆ. ರಸ ಇಳಿದ ಕಡೆಯೆಲ್ಲ ಕಪ್ಪಿನ ನಡುವೆ ಹಳದಿ ಗೆರೆ ಎದ್ದಿತು. ಹುಣಸೆಯ ಟಾರ್ಟಾರಿಕ್ ಆಮ್ಲ ಲೋಹದ ಮೇಲೆ ಕಟ್ಟಿದ ಆಕ್ಸೈಡ್ ಪದರವನ್ನು ಕರಗಿಸುತ್ತದೆ, ಅಷ್ಟೇ. ತೊಳೆದ ಮೇಲೆ ಒಣಬಟ್ಟೆಯಲ್ಲಿ ಒರೆಸದಿದ್ದರೆ ಮತ್ತೆ ಮಂಕಾಗುತ್ತದೆ.

ಅದೇ ಹುಮ್ಮಸ್ಸಿನಲ್ಲಿ ಒಂದು ತಪ್ಪು ಮಾಡಿದೆ. ಬೋರ್‌ವೆಲ್ ನೀರಿನಿಂದ ಬಚ್ಚಲ ನಲ್ಲಿಗೆ ಕಟ್ಟಿದ್ದ ಸುಣ್ಣದ ಬಿಳಿ ಕರೆಯನ್ನು ಹಿಂಡಿದ ನಿಂಬೆ ಹೋಳುಗಳಿಂದ ತಿಕ್ಕಿ ತೆಗೆದೆ. ಚೆನ್ನಾಗಿಯೇ ಬಿಟ್ಟಿತು. ಹೋಳುಗಳನ್ನು ಮೊಸಾಯಿಕ್ ನೆಲದ ಮೇಲೆ ಕವುಚಿಟ್ಟು ಕಾಫಿ ಕುಡಿಯಲು ಹೋದೆ. ಬಂದು ನೋಡಿದರೆ ಎರಡು ದುಂಡು ಗುರುತು, ಹೊಳಪು ಮಾಯ. ನೆಲದಲ್ಲಿರುವ ಅಮೃತಶಿಲೆಯ ಚೂರೂ ಸುಣ್ಣದ ಕಲ್ಲೇ. ನಲ್ಲಿಯ ಕರೆ ಯಾವುದು, ತಾತ ಹಾಕಿಸಿದ ನೆಲ ಯಾವುದು ಎಂದು ನಿಂಬೆಗೇನು ಗೊತ್ತು? ಈಗ ಆ ಗುರುತುಗಳ ಮೇಲೆ ಬಕೆಟ್ ಕೂತಿದೆ.

ನೆಲಕ್ಕೆ ಅಂಟುವಾಳವೇ ಸರಿ. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. 10–12 ಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ಅರ್ಧ ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ 15 ನಿಮಿಷ ಕುದಿಸಿ ಸೋಸಿಕೊಳ್ಳಿ. ಅದರಲ್ಲಿ ನೊರೆ ಬರಿಸುವ ಸಪೋನಿನ್ ಎಂಬ ವಸ್ತು ಜಿಡ್ಡನ್ನು ಬಿಡಿಸುತ್ತದೆ. ಸಾಬೂನಿನಂತೆ ಗಡಸು ನೀರಿನಲ್ಲಿ ಒಡೆದು ಗಸಿ ಕಟ್ಟುವುದಿಲ್ಲ. ಮಂಡ್ಯದ ಕಡೆ ಕೊಳವೆಬಾವಿಯನ್ನೇ ನಂಬಿದವರು ಇದನ್ನು ಗಮನಿಸಬೇಕು. ನೊರೆ ಸಾಲದೆಂದು ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಮೊದಲು ಮೂಗು ಮುರಿದರು. ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಎರಡು ಮೂರು ದಿನಕ್ಕೆ ಹುಳಿತು ನಾರುತ್ತದೆ, ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ. ಸಪೋನಿನ್ ಮೀನುಗಳಿಗೆ ವಿಷ. ಆ ನೀರನ್ನು ಕೆರೆ ದಂಡೆಯಲ್ಲಿ ಚೆಲ್ಲಬೇಡಿ, ಮಣ್ಣಿಗೆ ಬಿಡಿ.

ಮೊಬೈಲ್ ವಿಡಿಯೊಗಳಲ್ಲಿ ಅಡುಗೆ ಸೋಡದ ಮೇಲೆ ವಿನೆಗರ್ ಸುರಿದು ಬುಸುಬುಸು ನೊರೆ ತೋರಿಸುತ್ತಾರೆ. ನೋಡಲು ಚೆಂದ. ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಒಂದರ ಶಕ್ತಿಯನ್ನು ಇನ್ನೊಂದು ನುಂಗಿ ಉಳಿಯುವುದು ಒಂದು ಬಗೆಯ ಉಪ್ಪುನೀರು. ಒಲೆಯ ಕಟ್ಟೆಯ ಜಿಡ್ಡಿಗೆ ಸೋಡ ಒಂದೇ ಸಾಕು.

ಬ್ಲೀಚಿಂಗ್ ಪುಡಿಯ ವಿಷಯದಲ್ಲಿ ಮಾತ್ರ ಹುಡುಗಾಟ ಬೇಡ. ಅದಕ್ಕೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ವಿನೆಗರ್, ನಿಂಬೆರಸ ಸೇರಿದರೂ ಅಷ್ಟೇ.

ಕಂಬ ಉಜ್ಜಿ ಉಳಿದ ಹುಣಸೆಯ ಗಸಿಯನ್ನು ನಾನು ಎಸೆದಿಲ್ಲ. ಬಚ್ಚಲಿನ ತಾಮ್ರದ ಹಂಡೆ ಇನ್ನೂ ಬಾಕಿ ಇದೆ. ಈ ಸಲ ಹಿತ್ತಲಿನ ಒಗೆಯುವ ಕಲ್ಲಿನ ಮೇಲಿಟ್ಟುಕೊಂಡು ಉಜ್ಜುತ್ತೇನೆ.

ನಮಸ್ಕಾರ.