ಮನೆಯ ಹಬ್ಬದ ಊಟ, ಮನೆಯಿಲ್ಲದವರ ತಟ್ಟೆಗೆ

ನಮಸ್ಕಾರ. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್, ಅಂದರೆ ಕೃತಜ್ಞತೆ ಸಲ್ಲಿಸುವ ಹಬ್ಬ, ಹತ್ತಿರವಾಗುತ್ತಿದ್ದಂತೆ ಅಮೆರಿಕದ ಸುದ್ದಿವಾಹಿನಿಗಳಲ್ಲಿ ಪ್ರತಿ ವರ್ಷವೂ ಒಂದೇ ಬಗೆಯ ದೃಶ್ಯ ಕಾಣಿಸಿಕೊಳ್ಳುತ್ತದೆ. ಲಾಸ್ ಏಂಜಲೀಸಿನ ಸ್ಕಿಡ್ ರೋ, ನ್ಯೂಯಾರ್ಕಿನ ಬೋವರಿಯಂಥ ಮನೆಯಿಲ್ಲದವರು ಸೇರುವ ಕೇರಿಗಳಲ್ಲಿ ಉದ್ದನೆಯ ಮೇಜುಗಳನ್ನು ಸಾಲಾಗಿ ಹಾಕಿರುತ್ತಾರೆ. ಕ್ರೈಸ್ತ ಸೇವಾಸಂಸ್ಥೆಯ ಸ್ವಯಂಸೇವಕರ ನಡುವೆ ಒಬ್ಬಿಬ್ಬರು ರಾಜಕಾರಣಿಗಳು, ಸಿನಿಮಾ ನಟರು ಏಪ್ರನ್ ಕಟ್ಟಿಕೊಂಡು ನಿಂತಿರುತ್ತಾರೆ. ಟರ್ಕಿ ಕೋಳಿಯ ಮಾಂಸ, ಹಿಸುಕಿದ ಆಲೂಗಡ್ಡೆ, ಅದರ ಮೇಲೆ ಗ್ರೇವಿ, ಕೊನೆಗೊಂದು ತುಂಡು ಕುಂಬಳಕಾಯಿಯ ಪೈ ಬಡಿಸುತ್ತಾರೆ. ಸಂಜೆಯಾಗುತ್ತಲೇ ಮೇಜುಗಳನ್ನು ಮಡಿಸಿ ಒಳಗಿಡುತ್ತಾರೆ. ಉಂಡವರಲ್ಲಿ ಬಹಳಷ್ಟು ಮಂದಿ ಎರಡು ಬೀದಿ ಆಚೆ ಕಾಲುದಾರಿಯ ಮೇಲೆ ಹಾಕಿಕೊಂಡಿರುವ ಗುಡಾರಗಳಿಗೆ ಹಿಂದಿರುಗುತ್ತಾರೆ. ಇಂದಿನ ನನ್ನ ಮಾತು ಆ ಊಟದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಊಟ ಮುಗಿದ ಮೇಲಿನ ಹೊತ್ತಿನ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ಆ ಊಟವನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಅನ್ನದ ಬೆಲೆ ಗೊತ್ತಿರುವ, ದಾಸೋಹವೆಂಬ ಪದವನ್ನು ಗೌರವದಿಂದ ಉಚ್ಚರಿಸುವ ನಾಡಿನಿಂದ ಬಂದವನು ನಾನು. ಹಸಿದವನ ಮುಂದಿಟ್ಟ ತಟ್ಟೆಯನ್ನು ಬರಿಯ ತೋರಿಕೆಯೆಂದು ತಳ್ಳಿಹಾಕುವುದು ಹೊಟ್ಟೆ ತುಂಬಿದವರ ಚತುರತೆ ಮಾತ್ರ. ನನ್ನ ತಕರಾರು ಬೇರೆಯದು. ಅಮೆರಿಕದ ಬೀದಿಗಳಲ್ಲಿ ಮಲಗುವವರಿಗೆ ಆ ಒಂದು ವಾರ ಊಟಕ್ಕೆ ಕೊರತೆಯಿರುವುದಿಲ್ಲ, ಕೊರತೆಯಿರುವುದು ಜಾಗಕ್ಕೆ. ಆದುದರಿಂದ ಒಂದು ಚರ್ಚು ಅಥವಾ ಒಂದು ಸಂಸ್ಥೆ ಎಷ್ಟು ತಟ್ಟೆ ಊಟ ಹಾಕಿತು ಎಂದು ಎಣಿಸುವ ಬದಲು, ತನ್ನದೆಂದುಕೊಂಡ ಜಾಗದಲ್ಲಿ ಎಷ್ಟನ್ನು ಬಿಟ್ಟುಕೊಟ್ಟಿತು ಎಂದು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಹೀಗೆನ್ನುವುದಕ್ಕೆ ಕಾರಣ ಹಬ್ಬದ ಸ್ವಭಾವದಲ್ಲೇ ಇದೆ. ಥ್ಯಾಂಕ್ಸ್‌ಗಿವಿಂಗ್ ಚರ್ಚಿನ ಪಂಚಾಂಗದಿಂದ ಹುಟ್ಟಿದ್ದಲ್ಲ, ಸರ್ಕಾರದ ಘೋಷಣೆಯಿಂದ ನೆಲೆಯೂರಿದ ಹಬ್ಬ. ಅಂತರ್ಯುದ್ಧ ನಡೆಯುತ್ತಿದ್ದ 1863ರ ಅಕ್ಟೋಬರ್ 3ರಂದು ಅಬ್ರಹಾಂ ಲಿಂಕನ್ ಹೊರಡಿಸಿದ ಪ್ರಕಟಣೆಯಿಂದ ಅದು ಇಡೀ ದೇಶದ ಆಚರಣೆಯಾಯಿತು. ನಾಲ್ಕನೆಯ ಗುರುವಾರವೆಂದು ಕಾನೂನಿನ ಮೂಲಕ ಗೊತ್ತಾದದ್ದು 1941ರಲ್ಲಿ. ಲಿಂಕನ್ನರ ಪ್ರಕಟಣೆ ಫಸಲಿಗೂ ಸಮೃದ್ಧಿಗೂ ದೇವರಿಗೆ ವಂದಿಸಿ ಸುಮ್ಮನಾಗುವುದಿಲ್ಲ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು, ತಬ್ಬಲಿಗಳು, ಸಂಕಟಕ್ಕೆ ಸಿಕ್ಕವರು ಎಲ್ಲರನ್ನೂ ಪ್ರಾರ್ಥನೆಯಲ್ಲಿ ನೆನೆಯಬೇಕೆಂದು ಕೇಳಿಕೊಳ್ಳುತ್ತದೆ. ಆದರೆ ಹಬ್ಬ ನಡೆಯುವುದು ಮನೆಯ ಊಟದ ಮೇಜಿನ ಸುತ್ತ. ತೇರಿಲ್ಲ, ಜಾತ್ರೆಯಿಲ್ಲ, ಹೆದ್ದಾರಿಗಳಲ್ಲೂ ವಿಮಾನ ನಿಲ್ದಾಣಗಳಲ್ಲೂ ಜನ ಕಿಕ್ಕಿರಿದು ಹೊರಡುವುದು ತಮ್ಮ ತಮ್ಮ ತಾಯ್ತಂದೆಯರ ಮನೆಗೆ. ಇಂಥ ಹಬ್ಬದಲ್ಲಿ ಮನೆಯಿಲ್ಲದವನಿಗೆ ಕಾಗದದ ತಟ್ಟೆಯಲ್ಲಿ ಟರ್ಕಿ ಬಡಿಸಿದರೆ, ಹಬ್ಬದ ಅಡುಗೆ ಅವನಿಗೆ ಸಿಕ್ಕಿತು, ಹಬ್ಬ ಸಿಗಲಿಲ್ಲ.

ಇನ್ನೊಂದು ಮಾತು, ಸ್ವಲ್ಪ ಪಕ್ಕದ್ದು. ಈ ಹಬ್ಬದ ಮೂಲಕತೆಯೆಂದು ಹೇಳುವ 1621ರ ಪ್ಲಿಮತ್ ಔತಣದಲ್ಲಿ ನೆಲೆಯಿಲ್ಲದವರಾಗಿ ಬಂದಿದ್ದವರು ಇಂಗ್ಲೆಂಡಿನ ವಲಸಿಗರು. ಅವರಲ್ಲಿ ಅರ್ಧದಷ್ಟು ಮಂದಿ ಮೊದಲ ಚಳಿಗಾಲದಲ್ಲೇ ಸತ್ತಿದ್ದರು. ಐದು ಜಿಂಕೆಗಳನ್ನು ಬೇಟೆಯಾಡಿ ತಂದು ಆ ಊಟಕ್ಕೆ ಸೇರಿಸಿದವರು ಆ ನೆಲದ ವಾಂಪನೋಗ್ ಜನ. ಮುಂದೆ ನೆಲ ಯಾರ ಪಾಲಾಯಿತೆಂಬುದು ಎಲ್ಲರಿಗೂ ಗೊತ್ತಿದೆ. 1970ರಿಂದ ಮೂಲನಿವಾಸಿಗಳು ಅದೇ ಪ್ಲಿಮತ್‌ನಲ್ಲಿ ಅದೇ ಗುರುವಾರವನ್ನು ಶೋಕದಿನವಾಗಿ ಆಚರಿಸುತ್ತಾರೆ. ಜಾಗದ ಪ್ರಶ್ನೆಯನ್ನು ಈ ಹಬ್ಬದೊಳಕ್ಕೆ ನಾನು ಹೊರಗಿನಿಂದ ತರುತ್ತಿಲ್ಲ ಎನ್ನುವುದಕ್ಕಾಗಿ ಇಷ್ಟು ಹೇಳಿದೆ.

ಕ್ರೈಸ್ತ ಸೇವೆಯ ಇತಿಹಾಸಕ್ಕೆ ಬರೋಣ. ಈ ದಿನಗಳಲ್ಲಿ ಅಂಗಡಿಗಳ ಬಾಗಿಲಲ್ಲಿ ಗಂಟೆ ಬಾರಿಸುತ್ತ ನಿಲ್ಲುವ ಸಾಲ್ವೇಶನ್ ಆರ್ಮಿಯವರ ಕೆಂಪು ಹುಂಡಿಯನ್ನು ಅಮೆರಿಕಕ್ಕೆ ಬಂದ ನಮ್ಮವರೆಲ್ಲ ನೋಡಿರುತ್ತಾರೆ. ವಿಲಿಯಂ ಮತ್ತು ಕ್ಯಾಥರಿನ್ ಬೂತ್ ದಂಪತಿ 1865ರಲ್ಲಿ ಲಂಡನ್ನಿನ ಬಡವರ ಕೇರಿಯಲ್ಲಿ ಕಟ್ಟಿದ ಸಂಸ್ಥೆ ಅದು. ಹುಂಡಿಯ ಕತೆ ಶುರುವಾದದ್ದು 1891ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಕ್ರಿಸ್ಮಸ್ಸಿಗೆ ಸಾವಿರ ಜನ ಬಡವರಿಗೆ ಊಟ ಹಾಕಬೇಕೆಂದು ಹೊರಟ ಜೋಸೆಫ್ ಮೆಕ್‌ಫೀ ಎಂಬ ಕ್ಯಾಪ್ಟನ್ನಿಗೆ ಹಣ ಎಲ್ಲಿಂದ ತರುವುದೆಂದು ತೋಚದೆ, ತಾನು ನಾವಿಕನಾಗಿದ್ದಾಗ ಲಿವರ್‌ಪೂಲಿನ ಬಂದರಿನಲ್ಲಿ ಕಂಡ ಕಾಣಿಕೆಯ ಪಾತ್ರೆ ನೆನಪಾಯಿತಂತೆ. ಓಕ್ಲೆಂಡ್ ದೋಣಿ ಬಂದು ನಿಲ್ಲುವ ಕಡೆ ಏಡಿ ಬೇಯಿಸುವ ಪಾತ್ರೆಯೊಂದನ್ನು ತೂಗುಹಾಕಿದ. ಕಾಣಿಕೆ ಬೀಳುವುದಕ್ಕೆ ಅಡುಗೆಯ ಪಾತ್ರೆಯನ್ನೇ ಇಟ್ಟದ್ದು ನನಗೆ ಬಹಳ ಹಿಡಿಸುವ ಸಂಗತಿ. ಹಾಕಿದ ಕಾಸು ಏನಾಗುತ್ತದೆಂದು ಪಾತ್ರೆಯೇ ಹೇಳುತ್ತಿತ್ತು.

ಇದಕ್ಕೂ ಮೊದಲು, 1872ರಲ್ಲಿ, ಜೈಲುವಾಸ ಮುಗಿಸಿ ಬಂದಿದ್ದ ಜೆರ್ರಿ ಮೆಕಾಲೆ ನ್ಯೂಯಾರ್ಕಿನ ವಾಟರ್ ಸ್ಟ್ರೀಟಿನಲ್ಲಿ ಒಂದು ಮಿಷನ್ ತೆರೆದಿದ್ದ. ಇಂದು ನೂರಾರು ಊರುಗಳಲ್ಲಿರುವ ರೆಸ್ಕ್ಯೂ ಮಿಷನ್‌ಗಳ ಪರಂಪರೆ ಅಲ್ಲಿಂದ ಬಂದದ್ದು. ಕುಡಿತಕ್ಕೂ ಕಳ್ಳತನಕ್ಕೂ ಸಿಕ್ಕವನನ್ನು ಒಳಕ್ಕೆ ಕರೆದು, ಊಟವಿಟ್ಟು, ಬೋಧನೆ ಕೇಳಿಸಿ, ಹೊಸ ಮನುಷ್ಯನನ್ನಾಗಿ ಮಾಡುವುದು ಅದರ ಕ್ರಮ. ಸೂಪು, ಸೋಪು, ಮೋಕ್ಷ ಎಂಬ ಮೂರು ಪದಗಳಲ್ಲಿ ಅದನ್ನು ಆಗಿನವರೇ ಹಿಡಿದಿಟ್ಟಿದ್ದರು. ಮೆಕಾಲೆಯಂಥವರಿಗೆ ಈ ಮೂರನ್ನೂ ಬಿಡಿಸಿ ನೋಡುವುದೇ ಅಸಂಬದ್ಧವೆನಿಸಿದ್ದೀತು, ಏಕೆಂದರೆ ಅವರ ಪಾಲಿಗೆ ಮೂರೂ ಒಟ್ಟಿಗೇ ಬಂದಿದ್ದವು. ತೊಡಕಾಗುವುದು ಮೂರನೆಯದು ಮೊದಲೆರಡಕ್ಕೆ ಶರತ್ತಾದಾಗ.

ಈ ಶರತ್ತು ಎಲ್ಲಿಯವರೆಗೆ ಹೋಗಬಲ್ಲದೆಂಬುದನ್ನು ಆರೆಗನ್ ರಾಜ್ಯದ ಗ್ರ್ಯಾಂಟ್ಸ್ ಪಾಸ್ ಎಂಬ ಸಣ್ಣ ಊರು ತೋರಿಸಿಕೊಟ್ಟಿತು. ಸುಮಾರು 38 ಸಾವಿರ ಜನರಿರುವ ಆ ಊರಿನಲ್ಲಿ ಮನೆಯಿಲ್ಲದವರು ಸುಮಾರು 600 ಮಂದಿ. ಪಾರ್ಕಿನಲ್ಲಿ ಹೊದಿಕೆ ಹಾಸಿ ಮಲಗಿದರೆ 295 ಡಾಲರ್ ದಂಡವಿತ್ತು. ಹಾಗಾದರೆ ಎಲ್ಲಿಗೆ ಹೋಗಬೇಕೆಂದರೆ, ವಯಸ್ಕರಿಗೆಂದು ಇದ್ದದ್ದು ಒಂದು ಗಾಸ್ಪೆಲ್ ಮಿಷನ್. ಅಲ್ಲಿ ಇರಬೇಕಾದವರು ಸಿಗರೇಟು ಬಿಡಬೇಕು, ಮಿಷನ್ನಿನ ಕೆಲಸ ಮಾಡಬೇಕು, ಪ್ರಾರ್ಥನೆಗೆ ಕೂರಬೇಕು ಎಂಬ ನಿಯಮವಿತ್ತು. ಇಂಥ ಹಾಸಿಗೆಯನ್ನು ಲಭ್ಯವಿರುವ ಹಾಸಿಗೆಯೆಂದು ಲೆಕ್ಕಕ್ಕೆ ಹಿಡಿಯಬಹುದೇ ಎಂಬ ಪ್ರಶ್ನೆಯೂ ಸೇರಿ ಆ ಮೊಕದ್ದಮೆ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2024ರ ಜೂನ್ 28ರಂದು ಆರು ಮಂದಿ ನ್ಯಾಯಮೂರ್ತಿಗಳು ಊರಿನ ಪರವಾಗಿ, ಮೂವರು ವಿರುದ್ಧವಾಗಿ ತೀರ್ಪಿತ್ತರು. ಹೊರಗೆ ಮಲಗಿದ್ದಕ್ಕೆ ದಂಡ ಹಾಕುವುದು ಸಂವಿಧಾನ ನಿಷೇಧಿಸಿರುವ ಕ್ರೂರ ಶಿಕ್ಷೆಯಲ್ಲ ಎಂದಾಯಿತು. ಮಿಷನ್ನಿಗೆ ತನ್ನ ನಿಯಮಗಳನ್ನು ಇಟ್ಟುಕೊಳ್ಳುವ ಹಕ್ಕಿದೆ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಊರಾಡಳಿತವು ತಾನು ಒಂದು ಛತ್ರವನ್ನೂ ಕಟ್ಟಿಸದೆ, ಪಾರ್ಕಿನಿಂದ ಜನರನ್ನು ಎಬ್ಬಿಸಿ, ಖಾಸಗಿ ಧರ್ಮಸಂಸ್ಥೆಯ ಬಾಗಿಲಿನತ್ತ ಬೆರಳು ತೋರಿಸಿದಾಗ, ಅಲ್ಲಿನ ಪ್ರಾರ್ಥನೆ ಯಾರ ಸ್ವಂತ ಇಚ್ಛೆಯಿಂದ ನಡೆಯುವ ಪ್ರಾರ್ಥನೆಯಾಗಿ ಉಳಿಯುತ್ತದೆ? ಶ್ರದ್ಧೆಯುಳ್ಳ ಕ್ರೈಸ್ತರಿಗೇ ಇದು ಹೆಚ್ಚು ಮುಜುಗರ ತರಬೇಕಾದ ವಿಷಯ.

ಇದಕ್ಕೆ ಎದುರಾಗಿ ನನ್ನ ಕಣ್ಣಿಗೆ ಬರುವವರು ಡೊರೊಥಿ ಡೇ. ಪತ್ರಕರ್ತೆಯಾಗಿದ್ದು, ಎಡಪಂಥೀಯರ ನಡುವೆ ಬೆಳೆದು, 1927ರಲ್ಲಿ ಕ್ಯಾಥೊಲಿಕ್ ಪಂಥ ಸೇರಿದ ಅವರು ಪೀಟರ್ ಮೌರಿನ್ ಜೊತೆಗೂಡಿ, ಮಹಾ ಆರ್ಥಿಕ ಕುಸಿತದ ನಡುವೆ, 1933ರ ಮೇ 1ರಂದು ಒಂದು ಪೆನ್ನಿ ಬೆಲೆಯ ಪತ್ರಿಕೆಯನ್ನು ಆರಂಭಿಸಿದರು. ಅತಿಥಿಸತ್ಕಾರವೆಂದು ಬರೆದ ಮೇಲೆ ಬಂದವರನ್ನು ಹೊರಗೆ ನಿಲ್ಲಿಸುವುದು ಹೇಗೆ? ಪತ್ರಿಕೆಯ ಬೆನ್ನಿಗೇ ಆತಿಥ್ಯದ ಮನೆಗಳು ಹುಟ್ಟಿಕೊಂಡವು. ಬಡಿಸುವವರೂ ಉಣ್ಣುವವರೂ ಒಂದೇ ಸೂರಿನ ಕೆಳಗೆ ಇರುವುದು, ಒಂದೇ ಪಾತ್ರೆಯದನ್ನು ತಿನ್ನುವುದು ಆ ಮನೆಗಳ ರೀತಿ. ನಮ್ಮಲ್ಲಿ ಪಂಕ್ತಿಭೇದವೆಂಬ ಕಹಿಯಾದ ಪದವೊಂದಿದೆಯಲ್ಲ, ಯಾರನ್ನು ಎಲ್ಲಿ ಕೂರಿಸಿ ಏನು ಬಡಿಸುತ್ತಾರೆಂಬುದರಲ್ಲೇ ಅವರ ಯೋಗ್ಯತೆಯನ್ನು ತೀರ್ಮಾನಿಸುವ ಪದ. ಅದನ್ನು ಅನುಭವಿಸಿದ ಸಮಾಜದವರಿಗೆ ಡೇ ಮಾಡಿದ್ದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವರು ತೀರಿಕೊಂಡದ್ದು ಅಂಥದೇ ಒಂದು ಮನೆಯಲ್ಲಿ, 1980ರ ನವೆಂಬರ್ 29ರಂದು, ಥ್ಯಾಂಕ್ಸ್‌ಗಿವಿಂಗ್ ಮುಗಿದ ಎರಡು ದಿನಗಳಿಗೆ.

ಸ್ಯಾನ್ ಫ್ರಾನ್ಸಿಸ್ಕೋದ ಟೆಂಡರ್‌ಲಾಯ್ನ್ ಎಂಬ ಬಡವರ ಕೇರಿಯಲ್ಲಿ ಸೇಂಟ್ ಬಾನಿಫೇಸ್ ಎಂಬ ಫ್ರಾನ್ಸಿಸ್ಕನ್ನರ ಚರ್ಚಿದೆ. 2004ರಲ್ಲಿ ಅಲ್ಲಿ ಗೂಬಿಯೊ ಪ್ರಾಜೆಕ್ಟ್ ಎಂಬ ಕೆಲಸ ಶುರುವಾಯಿತು. ಕೆಲಸವೆಂದರೆ ಇಷ್ಟೇ: ವಾರದ ದಿನಗಳಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಬೀದಿಯವರು ಬಂದು ಚರ್ಚಿನ ಬೆಂಚುಗಳ ಮೇಲೆ ಮಲಗಬಹುದಿತ್ತು. ಹಿಂದಿನ ಸಾಲುಗಳು ಮಲಗುವವರಿಗೆ, ಮುಂದಿನವು ಪೂಜೆಗೆ ಬಂದವರಿಗೆ. ಮುಂದೆ ಪಾದ್ರಿ ಬಲಿಪೂಜೆ ನಡೆಸುತ್ತಿರುವಾಗ ಹಿಂದೆ ಗೊರಕೆ ಕೇಳಿಸಬಹುದಿತ್ತು. ಒಳಗೆ ಬಂದವನನ್ನು ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ರಾತ್ರಿಯಿಡೀ ಪೊಲೀಸರಿಂದಲೋ ಕಳ್ಳರಿಂದಲೋ ಎಬ್ಬಿಸಿಕೊಂಡವನಿಗೆ ಹಗಲು ನಾಲ್ಕು ಗಂಟೆಯ ನಿದ್ದೆ ಎಂದರೇನು ಎಂಬುದನ್ನು ಅರಿತವರು ಮಾತ್ರ ಇದನ್ನು ಯೋಚಿಸಬಲ್ಲರು. ಹೆಸರಿನ ಹಿಂದೆ ಇಟಲಿಯ ಗೂಬಿಯೊ ಊರಿನ ತೋಳದ ಕತೆಯಿದೆ. ಊರನ್ನೇ ನಡುಗಿಸುತ್ತಿದ್ದ ತೋಳವನ್ನು ಸಂತ ಫ್ರಾನ್ಸಿಸ್ ಎದುರುಗೊಂಡು, ಅದು ಹಸಿವಿನಿಂದ ಹಾಗಾಡುತ್ತಿದೆಯೆಂದು ಜನರಿಗೆ ತಿಳಿಸಿ, ಊರವರು ಅದಕ್ಕೆ ಆಹಾರವಿಡಬೇಕು, ಅದು ಊರವರ ತಂಟೆಗೆ ಬರಬಾರದು ಎಂದು ಎರಡೂ ಕಡೆಯವರಿಂದ ಮಾತು ತೆಗೆದುಕೊಂಡರಂತೆ. ಕತೆಯಲ್ಲಿ ನನಗೆ ಮುಖ್ಯವೆನಿಸುವುದು, ಅನಂತರ ತೋಳ ಕಾಡಿಗೆ ಹೋಗದೆ ಊರೊಳಗೇ ಮನೆಯಿಂದ ಮನೆಗೆ ಓಡಾಡಿಕೊಂಡಿತ್ತು ಎಂಬ ಭಾಗ.

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯವನ್ನು ಈ ಸೇವೆಯಲ್ಲಿರುವ ಎಲ್ಲರೂ ಉದ್ಧರಿಸುತ್ತಾರೆ. ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು ಎಂಬಲ್ಲಿಗೆ ಬಹಳ ಮಂದಿ ನಿಂತುಬಿಡುತ್ತಾರೆ. ಅದರ ಮುಂದೆಯೇ ಪರದೇಶಿಯನ್ನು ಸೇರಿಸಿಕೊಂಡ ಮಾತಿದೆ. ಹಳೆಯ ಕನ್ನಡ ಬೈಬಲಿನ ಆ ಪದ ಗಮನಿಸಿ, ಪರದೇಶಿ. ಬೇರೆ ದೇಶದವನೆಂಬ ಅರ್ಥದ ಈ ಪದ ನಮ್ಮ ಆಡುಮಾತಿನಲ್ಲಿ ದಿಕ್ಕುದೆಸೆಯಿಲ್ಲದವನು ಎಂದಾಗಿದೆ. ಅವನಿಗೆ ಏನು ಕೊಡಬೇಕೆಂದು ಅಲ್ಲಿ ಹೇಳಿಲ್ಲ. ಅವನನ್ನು ಸೇರಿಸಿಕೊಳ್ಳಬೇಕು.

ಸೇರಿಸಿಕೊಳ್ಳಲು ಹೊರಟವರಿಗೆ ಅಡ್ಡಿಗಳೂ ಕಡಿಮೆಯಿಲ್ಲ, ಇದನ್ನೂ ಹೇಳಬೇಕು. 2014ರ ನವೆಂಬರಿನಲ್ಲಿ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ನಗರದಲ್ಲಿ ಬೀದಿಯವರಿಗೆ ಊಟ ಹಂಚುತ್ತಿದ್ದ 90 ವರ್ಷದ ಆರ್ನಲ್ಡ್ ಅಬಾಟ್ ಅವರ ಮೇಲೂ ಜೊತೆಗಿದ್ದ ಇಬ್ಬರು ಪಾದ್ರಿಗಳ ಮೇಲೂ ಪೊಲೀಸರು ಪ್ರಕರಣ ದಾಖಲಿಸಿದರು. ಆರೆಗನ್ನಿನ ಬ್ರೂಕಿಂಗ್ಸ್ ಊರಿನವರು 2021ರಲ್ಲಿ ಚರ್ಚುಗಳು ವಾರಕ್ಕೆ ಎರಡೇ ದಿನ ಪುಕ್ಕಟೆ ಊಟ ಹಾಕಬಹುದೆಂದು ನಿಯಮ ಮಾಡಿದರು. ಸೇಂಟ್ ತಿಮೊಥಿ ಎಂಬ ಎಪಿಸ್ಕೋಪಲ್ ಚರ್ಚು ನ್ಯಾಯಾಲಯಕ್ಕೆ ಹೋಗಿ 2024ರಲ್ಲಿ ಗೆದ್ದಿತು. ವರ್ಷದಲ್ಲಿ ಒಂದು ಗುರುವಾರ ಊಟ ಹಾಕಿದರೆ ಊರು ಚಪ್ಪಾಳೆ ತಟ್ಟುತ್ತದೆ, ವಾರಕ್ಕೆ ಮೂರು ದಿನ ಹಾಕಿದರೆ ನೋಟಿಸು ಕೊಡುತ್ತದೆ.

ಆದರೂ ಚರ್ಚುಗಳ ಕೈಯಲ್ಲಿ ಒಂದು ದೊಡ್ಡ ಆಸ್ತಿಯಿದೆ, ನೆಲ. ಭಕ್ತರು ಕಡಿಮೆಯಾಗಿ ಖಾಲಿ ಬಿದ್ದಿರುವ ಪಾರ್ಕಿಂಗ್ ಜಾಗಗಳು, ಬಳಕೆಯಿಲ್ಲದ ಹಿತ್ತಲುಗಳು ಎಷ್ಟೋ ಇವೆ. ಅಗ್ಗದ ಮನೆಗಳು ಬೇಕು, ಆದರೆ ನಮ್ಮ ಹಿತ್ತಲಿನಲ್ಲಿ ಬೇಡ ಎನ್ನುವ ಊರವರಿಗೆ ಉತ್ತರವಾಗಿ, ದೇವರ ಹಿತ್ತಲಿನಲ್ಲಿ ಆಗಲಿ ಎಂಬ ಆಂದೋಲನವೊಂದು ಸ್ಯಾನ್ ಡಿಯಾಗೋದಲ್ಲಿ ಹುಟ್ಟಿತು. 2023ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಎಸ್‌ಬಿ 4 ಎಂಬ ಕಾನೂನನ್ನು ತಂದು, ಧಾರ್ಮಿಕ ಸಂಸ್ಥೆಗಳು ತಮ್ಮ ಜಮೀನಿನಲ್ಲಿ ಕಡಿಮೆ ಬಾಡಿಗೆಯ ಮನೆ ಕಟ್ಟಲು ಹೊರಟರೆ ಭೂಬಳಕೆ ಬದಲಾವಣೆಯ ಗೋಜಿಲ್ಲದಂತೆ ಮಾಡಿತು. ಅದು ಚರ್ಚಿಗೆ ಮಾತ್ರವಲ್ಲ, ದೇವಸ್ಥಾನಕ್ಕೂ ಮಸೀದಿಗೂ ಅನ್ವಯಿಸುತ್ತದೆ. ಈ ರಾಜ್ಯದಲ್ಲಿ ನೆಲೆಸಿ ದೇವಸ್ಥಾನಗಳನ್ನು ಕಟ್ಟಿಕೊಂಡಿರುವ ನಮ್ಮವರೂ ಓದಿಕೊಳ್ಳಬಹುದಾದ ಕಾನೂನು. ಸಾಲ, ಕಟ್ಟುವ ಖರ್ಚು, ನೆರೆಯವರ ಗೊಣಗಾಟ ಇದ್ದೇ ಇವೆ. ಟರ್ಕಿ ಬಡಿಸುವಷ್ಟು ಸುಲಭವಲ್ಲ, ಫೋಟೋ ಅಷ್ಟು ಚೆನ್ನಾಗಿ ಬರುವುದೂ ಇಲ್ಲ.

2024ರ ಜನವರಿಯ ಒಂದು ರಾತ್ರಿಯ ಎಣಿಕೆಯಲ್ಲಿ ದೇಶದಲ್ಲಿ ಮನೆಯಿಲ್ಲದವರು 7,71,480 ಮಂದಿ ಇದ್ದರು, ಅದರ ಹಿಂದಿನ ವರ್ಷಕ್ಕಿಂತ ಶೇಕಡಾ 18ರಷ್ಟು ಹೆಚ್ಚು. ಎಣಿಕೆ ನಡೆಯುವುದು ಜನವರಿಯ ಕೊನೆಯ ಹತ್ತು ದಿನಗಳಲ್ಲಿ, ಚಳಿಯಲ್ಲಿ, ಹಬ್ಬದ ಮೇಜುಗಳನ್ನು ಮಡಿಸಿಟ್ಟು ಎರಡು ತಿಂಗಳಾದ ಮೇಲೆ. ಹಿಂದೊಮ್ಮೆ ಹಬ್ಬದ ದಿನ ಬಡಿಸುವುದಕ್ಕೆಂದು ನಾನೂ ಒಂದು ಕಡೆ ವಿಚಾರಿಸಿದ್ದೆ. ಸ್ವಯಂಸೇವಕರ ಪಟ್ಟಿ ವಾರಗಳ ಮೊದಲೇ ತುಂಬಿಹೋಗಿತ್ತು. ಫೆಬ್ರವರಿಯಲ್ಲಿ ಬರುತ್ತೀರಾ ಎಂದು ಅಲ್ಲಿದ್ದ ಮಹಿಳೆ ಕೇಳಿದಾಗ ನಾನು ನೋಡೋಣ ಎಂದು ಹೇಳಿ ಬಂದಿದ್ದೆ, ಹೋಗಲಿಲ್ಲ. ಈ ವರ್ಷ ಹಬ್ಬದ ಪಟ್ಟಿಗೆ ಹೆಸರು ಕೊಟ್ಟಿಲ್ಲ, ಫೆಬ್ರವರಿಯ ನಾಲ್ಕು ಮಂಗಳವಾರಗಳಿಗೆ ಕೊಟ್ಟಿದ್ದೇನೆ. ಬಡಿಸುವ ಕೆಲಸವಂತೂ ಸಿಕ್ಕಿಲ್ಲ. ಈರುಳ್ಳಿ ಹೆಚ್ಚುವುದು, ಹೊದಿಕೆಗಳನ್ನು ಒಗೆಯುವ ಯಂತ್ರಕ್ಕೆ ತುಂಬುವುದು ಎಂದು ಹೇಳಿದ್ದಾರೆ.