ಕಂಪನಿ ಹೇಗೂ ಬರುತ್ತಿತ್ತು

ಸ್ನೇಹಿತರೇ, ನಮಸ್ಕಾರ.

ದೊಡ್ಡ ಕಂಪನಿಯೊಂದು ಕಾರ್ಖಾನೆ ಹಾಕುತ್ತೇನೆ ಎಂದರೆ ಸಾಕು, ಸರ್ಕಾರ ತೆರಿಗೆ ಬಿಡುತ್ತದೆ, ಜಮೀನು ಕೊಡುತ್ತದೆ, ರಸ್ತೆ ಹಾಕಿಸುತ್ತದೆ. ಕೆಲವು ಸಲ ನೇರವಾಗಿ ದುಡ್ಡೇ ಕೊಡುತ್ತದೆ. ಇದೆಲ್ಲ ಕೊಡದೇ ಇದ್ದಿದ್ದರೆ ಆ ಕಂಪನಿ ಬರುತ್ತಲೇ ಇರಲಿಲ್ಲವಾ? ಎಲ್ಲ ವಾದವೂ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಟಿಮೊತಿ ಬಾರ್ಟಿಕ್ 2018ರಲ್ಲಿ ಈ ಬಗ್ಗೆ ಆಗಿದ್ದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಬ್ಸಿಡಿಯ ಕಾರಣಕ್ಕೇ ನಿರ್ಧಾರ ಬದಲಾಯಿಸಿದ ಕಂಪನಿಗಳು ನೂರಕ್ಕೆ 2ರಿಂದ 25 ಮಾತ್ರ ಎಂಬುದು ಅವರ ಅಂದಾಜು. ಉಳಿದ, ಅಂದರೆ ಕಡಿಮೆಯೆಂದರೂ ನೂರಕ್ಕೆ 75 ಕಂಪನಿಗಳು ಹೇಗೂ ಅಲ್ಲಿಗೇ ಬರುತ್ತಿದ್ದವು! ಕೆಲಸ ಬಲ್ಲ ಜನ, ರಸ್ತೆ, ಕರೆಂಟು, ಗಿರಾಕಿಗಳು ಎಲ್ಲಿದ್ದಾರೆ ಎಂದು ನೋಡಿಯೇ ಅವು ಜಾಗ ಆರಿಸುತ್ತವೆ.

ನ್ಯೂಯಾರ್ಕಿನಲ್ಲಿ ಆದದ್ದನ್ನೇ ನೋಡಿ. 2017ರಲ್ಲಿ ಅಮೆಜಾನ್ ತನ್ನ ಎರಡನೇ ಮುಖ್ಯ ಕಚೇರಿಗೆ ಜಾಗ ಬೇಕು ಎಂದಾಗ 238 ಊರು, ಪ್ರದೇಶಗಳು ಮುಗಿಬಿದ್ದವು. ಮರುವರ್ಷ ನ್ಯೂಯಾರ್ಕಿಗೆ ಒಂದು ಪಾಲು ಸಿಕ್ಕಿತು. ಸುಮಾರು 300 ಕೋಟಿ ಡಾಲರ್ ರಿಯಾಯಿತಿ ಕೊಡುವ ಮಾತಾಗಿತ್ತು. ಸ್ಥಳೀಯರು ವಿರೋಧಿಸಿದರು. 2019ರ ಫೆಬ್ರವರಿಯಲ್ಲಿ ಕಂಪನಿ ಹಿಂದೆ ಸರಿಯಿತು. ಅದೇ ಡಿಸೆಂಬರಿನಲ್ಲಿ ಅದೇ ಕಂಪನಿ ಮ್ಯಾನ್‌ಹಟನ್‌ನಲ್ಲಿ 1,500ಕ್ಕೂ ಹೆಚ್ಚು ಜನರಿಗಾಗಿ ಕಚೇರಿ ಬಾಡಿಗೆಗೆ ಹಿಡಿಯಿತು. ಯಾವ ವಿಶೇಷ ರಿಯಾಯಿತಿಯೂ ಇಲ್ಲದೆ.

ಅಮೆರಿಕದ್ದೇ ಇನ್ನೊಂದು ರಾಜ್ಯ ವಿಸ್ಕಾನ್ಸಿನ್ ಕತೆ ಇನ್ನೂ ಬೇಸರದ್ದು. ಅಲ್ಲಿ 2017ರಲ್ಲಿ ತೈವಾನಿನ ಎಲೆಕ್ಟ್ರಾನಿಕ್ಸ್ ಕಂಪನಿ ಫಾಕ್ಸ್‌ಕಾನ್ 1,000 ಕೋಟಿ ಡಾಲರ್ ಹೂಡುತ್ತೇನೆ, 13,000 ಜನರಿಗೆ ಕೆಲಸ ಕೊಡುತ್ತೇನೆ ಎಂದಿತು. ರಾಜ್ಯ ಸುಮಾರು 300 ಕೋಟಿ ಡಾಲರ್ ಕೊಡಲು ಒಪ್ಪಿತು. ಭಾಗಿಸಿ ನೋಡಿ, ಒಂದೊಂದು ಕೆಲಸಕ್ಕೆ 2 ಲಕ್ಷ 30 ಸಾವಿರ ಡಾಲರ್! ಎಲ್ಲ ಅಂದುಕೊಂಡಂತೆ ನಡೆದರೂ ಹಾಕಿದ ದುಡ್ಡು ಹುಟ್ಟುವುದು 2043ರ ಹೊತ್ತಿಗೆ ಎಂದು ಶಾಸನಸಭೆಯ ಹಣಕಾಸು ಕಚೇರಿಯೇ ಲೆಕ್ಕ ಹಾಕಿ ಹೇಳಿತ್ತು. ಕೇಳಿಸಿಕೊಂಡವರು ಯಾರು?

ಮೌಂಟ್ ಪ್ಲೆಸೆಂಟ್ ಎಂಬ ಊರಿನಲ್ಲಿ ಕಾರ್ಖಾನೆಗೆ ಅಂತ ಜನರ ಮನೆ, ಹೊಲ ಕೊಂಡು ಮನೆಗಳನ್ನು ಕೆಡವಿದರು. ಜಾಗ ಬಿಡಿಸಿಕೊಳ್ಳಲು ಅನುಕೂಲವಾಗಲಿ ಎಂದು ಊರಾಡಳಿತ ಆ ಇಡೀ ಪ್ರದೇಶವನ್ನು ಹಾಳುಬಿದ್ದ ಜಾಗ ಎಂದು ಘೋಷಿಸಿತು. ಜನ ಬದುಕುತ್ತಿದ್ದ, ಬೆಳೆ ಬೆಳೆಯುತ್ತಿದ್ದ ನೆಲ ಅದು. ಊರು ಸಾಲ ಮಾಡಿ ನೀರಿನ ಪೈಪು, ರಸ್ತೆ ಹಾಕಿಸಿತು. 2021ರಲ್ಲಿ ಒಪ್ಪಂದವನ್ನೇ ತಿದ್ದಬೇಕಾಯಿತು. 13,000 ಕೆಲಸ 1,454ಕ್ಕೆ ಇಳಿಯಿತು. ರಿಯಾಯಿತಿ 8 ಕೋಟಿ ಡಾಲರಿಗೆ ಇಳಿಯಿತು. ಕೆಲಸ ಕೊಟ್ಟ ಮೇಲಷ್ಟೇ ರಿಯಾಯಿತಿ ಎಂಬ ಷರತ್ತು ಇದ್ದದ್ದರಿಂದ ರಾಜ್ಯದ ದೊಡ್ಡ ಮೊತ್ತ ಉಳಿಯಿತು, ಅದನ್ನು ಒಪ್ಪಲೇಬೇಕು. ಆಮೇಲೆ ಅಲ್ಲೇ ಮೈಕ್ರೋಸಾಫ್ಟ್ ಜಾಗ ಕೊಂಡದ್ದೂ ನಿಜ. ಆದರೆ ಕೆಡವಿದ ಮನೆ ವಾಪಸ್ ಬರುತ್ತದಾ?

ಬಿಟ್ಟ ತೆರಿಗೆ ಸುಮ್ನೆ ಮಾಯವಾಗುವುದಿಲ್ಲ. ಅದನ್ನು ಬೇರೆಯವರು ತುಂಬಬೇಕು, ಇಲ್ಲವೇ ಶಾಲೆ, ಆಸ್ಪತ್ರೆಯ ಖರ್ಚು ಕಡಿಮೆ ಮಾಡಬೇಕು. ಐದಾರು ಜನರನ್ನಿಟ್ಟುಕೊಂಡು ವ್ಯಾಪಾರ ಮಾಡುವವರಿಗೆ ಚೌಕಾಸಿ ಮಾಡುವ ಶಕ್ತಿ ಇಲ್ಲ. ಅವರು ಪೂರ್ತಿ ತೆರಿಗೆ ಕಟ್ಟುತ್ತಾರೆ, ಆ ದುಡ್ಡು ಕೆಲವು ಸಲ ಅವರ ಪ್ರತಿಸ್ಪರ್ಧಿಗೇ ಹೋಗುತ್ತದೆ. ಇದು ಅನ್ಯಾಯ ಅಲ್ವಾ?

ನಾವು ಕೊಡದಿದ್ದರೆ ಪಕ್ಕದವರು ಕೊಡುತ್ತಾರಲ್ಲ ಎಂದು ನೀವು ಕೇಳಬಹುದು. ಈ ಭಯ ಸುಳ್ಳಲ್ಲ. ಕ್ಯಾನ್ಸಸ್ ಸಿಟಿ ಎಂಬ ಮಹಾನಗರದ ನಡುವೆ ಎರಡು ರಾಜ್ಯಗಳ ಗಡಿ ಹಾದುಹೋಗುತ್ತದೆ. ಕ್ಯಾನ್ಸಸ್ ಮತ್ತು ಮಿಸೌರಿ ವರ್ಷಗಟ್ಟಲೆ ಒಬ್ಬರ ಕಂಪನಿಯನ್ನು ಇನ್ನೊಬ್ಬರು ಸೆಳೆದುಕೊಂಡವು. ಕಂಪನಿ ಕೆಲವೇ ಮೈಲಿ ಆಚೆ ಹೋಗುತ್ತಿತ್ತು, ನೌಕರರು ಅವರೇ, ಮನೆಗಳೂ ಅವೇ, ತೆರಿಗೆ ಮಾತ್ರ ಕಡಿಮೆ. ಕೊನೆಗೆ 2019ರಲ್ಲಿ ಬೇರೆ ಬೇರೆ ಪಕ್ಷದ ಇಬ್ಬರು ಗವರ್ನರುಗಳು (ಅಲ್ಲಿ ರಾಜ್ಯದ ಆಡಳಿತ ನಡೆಸುವವರು ಅವರೇ) ಒಪ್ಪಂದಕ್ಕೆ ಬಂದರು. ಆ ನಗರದ ಸುತ್ತಲಿನ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಗಳಂಥ ಪ್ರದೇಶಗಳಲ್ಲಿ, ಇದ್ದ ಕೆಲಸವನ್ನೇ ಗಡಿ ದಾಟಿಸುವ ಕಂಪನಿಗೆ ರಿಯಾಯಿತಿ ಕೊಡುವುದಿಲ್ಲ ಎಂದು ಎರಡೂ ರಾಜ್ಯಗಳು ಒಪ್ಪಿಕೊಂಡವು.