ಕಾಣಬೇಕಾದ ಕೋಣೆ, ಕೇಳಿಸಬಾರದ ಕೋಣೆ: ಸಮುದಾಯ ಆರೋಗ್ಯ ಕೇಂದ್ರದ ಒಳಾಂಗಣ

ಎಲ್ಲರಿಗೂ ನಮಸ್ಕಾರ.

ಆಸ್ಪತ್ರೆಗೆ ಜನ ಬೇರೆ ದಾರಿಯಿಲ್ಲದೆ ಬರುತ್ತಾರೆ. ಸಮುದಾಯದ ಆರೋಗ್ಯ ಮತ್ತು ಸ್ವಾಸ್ಥ್ಯ ಕೇಂದ್ರದ ಮಾತು ಬೇರೆ. ರಕ್ತದೊತ್ತಡ ನೋಡಿಸಿಕೊಳ್ಳದೆ, ವ್ಯಾಯಾಮದ ತರಗತಿಗೆ ಸೇರದೆ, ಮನಸ್ಸಿನ ಭಾರವನ್ನು ಯಾರಲ್ಲೂ ಹೇಳಿಕೊಳ್ಳದೆ ಅವರು ವರ್ಷಗಟ್ಟಲೆ ಇದ್ದುಬಿಡಬಹುದು. ಬರುವುದೂ ಬಿಡುವುದೂ ಅವರ ಇಷ್ಟ. ಅದಕ್ಕೇ ಈ ಕಟ್ಟಡದ ಒಳಾಂಗಣಕ್ಕೆ ಎರಡು ಹೊಣೆಗಳಿವೆ. ಒಳಗೆ ಏನು ನಡೆಯುತ್ತಿದೆ ಎಂಬುದು ಬಾಗಿಲಲ್ಲಿ ನಿಂತವರಿಗೇ ಕಾಣಬೇಕು. ಒಳಗೆ ಹೇಳಿಕೊಂಡ ಮಾತು ಗೋಡೆಯಾಚೆ ಕೂತವರಿಗೆ ಕೇಳಿಸಬಾರದು. ಇವೆರಡೂ ಒಂದಕ್ಕೊಂದು ಎದುರಾಗಿ ಎಳೆಯುತ್ತವೆ. ನಕ್ಷೆ ಬರೆಯುವಾಗಲೇ ಈ ಎಳೆದಾಟವನ್ನು ಬಗೆಹರಿಸದಿದ್ದರೆ ಆಮೇಲೆ ಎಷ್ಟು ಒಳ್ಳೆಯ ಬಣ್ಣ ಬಳಿದರೂ, ಎಷ್ಟು ಚೆಂದದ ಕುರ್ಚಿ ತಂದರೂ ಅದು ಸರಿಹೋಗುವುದಿಲ್ಲ.

ಮೊದಲನೆಯ ಹೊಣೆಯನ್ನು ಅರಿಯಲು ಲಂಡನ್ನಿನ ಪೆಕ್‌ಹ್ಯಾಮ್‌ನ ಪಯೋನಿಯರ್ ಹೆಲ್ತ್ ಸೆಂಟರನ್ನು ನೋಡಬೇಕು. ಜಾರ್ಜ್ ಸ್ಕಾಟ್ ವಿಲಿಯಮ್ಸನ್ ಮತ್ತು ಇನ್ನೆಸ್ ಪಿಯರ್ಸ್ ಎಂಬ ವೈದ್ಯರು 1926ರಲ್ಲಿ ಒಂದು ಚಿಕ್ಕ ಮನೆಯಲ್ಲಿ ಆರಂಭಿಸಿದ ಪ್ರಯೋಗಕ್ಕೆ 1935ರಲ್ಲಿ ಎಂಜಿನಿಯರ್ ಓವೆನ್ ವಿಲಿಯಮ್ಸ್ ಕಾಂಕ್ರೀಟ್ ಮತ್ತು ಗಾಜಿನ ಕಟ್ಟಡ ಕಟ್ಟಿಕೊಟ್ಟರು. ನಡುವೆ ಈಜುಕೊಳ, ಅದರ ಸುತ್ತ ಗಾಜಿನ ಗೋಡೆಗಳು. ಕೆಫೆಟೇರಿಯಾದಲ್ಲಿ ಕೂತವರಿಗೆ ಈಜುವವರು ಕಾಣುತ್ತಿದ್ದರು. ಬೇರೆಯವರು ಮಾಡುವುದನ್ನು ನೋಡಿ ತಾವೂ ಮಾಡಬೇಕೆನಿಸುವುದು ಉಪದೇಶಕ್ಕಿಂತ ಗಟ್ಟಿಯಾದ ಪ್ರೇರಣೆ ಎಂಬ ನಂಬಿಕೆ ಆ ವಿನ್ಯಾಸದಲ್ಲಿತ್ತು. ಕೇಂದ್ರ 1950ರಲ್ಲಿ ಮುಚ್ಚಿತು, ಆದರೆ ಆ ತಿಳಿವು ಇಂದಿಗೂ ಹಳತಾಗಿಲ್ಲ.

ಹಾಗಾಗಿ ವ್ಯಾಯಾಮದ ಕೋಣೆಯನ್ನು ಕಾರಿಡಾರಿನ ಕೊನೆಗೆ ತಳ್ಳಬೇಡಿ, ಪ್ರವೇಶದ ಹತ್ತಿರವೇ ಇಡಿ. ಲಾಬಿಯ ಕಡೆಗೆ ಗಾಜು ಇರಲಿ. ಆದರೆ ವ್ಯಾಯಾಮ ಮಾಡುವವರಿಗೂ ಸಂಕೋಚವಿರುತ್ತದೆ, ಅದನ್ನು ಮರೆಯುವಂತಿಲ್ಲ. ಗಾಜಿನ ಕೆಳಭಾಗಕ್ಕೆ ಮಬ್ಬು ಫಿಲ್ಮ್ ಅಂಟಿಸಿದರೆ ನೆಲದ ಮೇಲೆ ಮಲಗಿದವರಿಗೆ ಮರೆಯಾಗುತ್ತದೆ, ನಿಂತವರ ಚಲನೆ ಮಾತ್ರ ಹೊರಗೆ ಕಾಣುತ್ತದೆ. ಕನ್ನಡಿಯನ್ನು ಗಾಜಿನ ಎದುರು ಗೋಡೆಗೆ ಹಾಕಿದರೆ ಲಾಬಿಯಲ್ಲಿ ಕೂತವರೆಲ್ಲ ಕನ್ನಡಿಯಲ್ಲಿ ಕಾಣುತ್ತಾರೆ, ಒಳಗಿರುವವರಿಗೆ ಕಿರಿಕಿರಿಯಾಗುತ್ತದೆ. ಕನ್ನಡಿ ಪಕ್ಕದ ಗೋಡೆಗಿರಲಿ. ದೊಡ್ಡ ಗಾಜಿಗೆ ಯಾರೂ ಹಾಯದಂತೆ ನೆಲದಿಂದ 850ರಿಂದ 1000 ಮಿ.ಮೀ. ನಡುವೆ ಒಂದು, 1400ರಿಂದ 1600 ಮಿ.ಮೀ. ನಡುವೆ ಇನ್ನೊಂದು ಎದ್ದು ಕಾಣುವ ಪಟ್ಟಿ ಬೇಕು. ಒಬ್ಬರಿಗೆ ಕೈಕಾಲು ಚಾಚಲು ಸುಮಾರು 4 ಚದರ ಮೀಟರ್ ಲೆಕ್ಕ ಹಿಡಿಯಿರಿ. ಚಾಪೆ, ಕುರ್ಚಿ, ಚೆಂಡುಗಳನ್ನು ಇಡುವ ಉಗ್ರಾಣ ಕೋಣೆಗೆ ಅಂಟಿಕೊಂಡೇ ಇರಬೇಕು. ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಅವೆಲ್ಲ ಗೋಡೆಗುಂಟ ರಾಶಿ ಬಿದ್ದು, 12 ಜನರ ಕೋಣೆ 8 ಜನರದ್ದಾಗುತ್ತದೆ.

ಇನ್ನು ಎರಡನೆಯ ಹೊಣೆ. ಹೆಚ್ಚಿನ ಕೇಂದ್ರಗಳು ಸೋಲುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಪಕ್ಕದ ಕೋಣೆಯ ಮಾತು ತನಗೆ ಕೇಳಿಸುತ್ತಿದೆ ಎಂದು ಗೊತ್ತಾದ ಕ್ಷಣವೇ ತನ್ನ ಮಾತೂ ಅವರಿಗೆ ಕೇಳಿಸುತ್ತದೆ ಎಂಬುದು ರೋಗಿಗೆ ಹೊಳೆಯುತ್ತದೆ. ಆಮೇಲೆ ಅವರು ಕುಡಿತದ ಬಗ್ಗೆ, ಮುಟ್ಟಿನ ತೊಂದರೆಯ ಬಗ್ಗೆ, ಮನೆಯಲ್ಲಿನ ಹೊಡೆತದ ಬಗ್ಗೆ ಬಾಯಿ ಬಿಡುವುದಿಲ್ಲ. ವೈದ್ಯರು ಎಷ್ಟೇ ನಿಪುಣರಾಗಿರಲಿ, ಹೇಳದೆ ಉಳಿದದ್ದಕ್ಕೆ ಔಷಧಿ ಕೊಡಲಾರರು.

ತಪಾಸಣಾ ಕೋಣೆಗಳ ನಡುವಿನ ಗೋಡೆಗೆ ಎಸ್‌ಟಿಸಿ 45ರಿಂದ 50ರ ಧ್ವನಿತಡೆ ಬೇಕು. ಎಸ್‌ಟಿಸಿ ಅಂದರೆ ಗೋಡೆ ಮಾತನ್ನು ಸರಿಸುಮಾರು ಎಷ್ಟು ಡೆಸಿಬೆಲ್ ತಗ್ಗಿಸುತ್ತದೆ ಎಂಬುದರ ಅಂಕ, ಹೆಚ್ಚಿದಷ್ಟೂ ಒಳ್ಳೆಯದು. ಎರಡೂ ಬದಿಗೆ ಎರಡೆರಡು ಪದರ ಜಿಪ್ಸಂ ಬೋರ್ಡು, ನಡುವೆ ಖನಿಜ ಉಣ್ಣೆ ತುಂಬಿದ ಗೋಡೆ ಇದನ್ನು ಕೊಡುತ್ತದೆ. ಆದರೆ ಕಾಗದದ ಮೇಲಿನ ಆ ಅಂಕಿಯನ್ನು ಸಂದುಗಳು ಕೊಲ್ಲುತ್ತವೆ. ಲೆಕ್ಕ ನೋಡಿ: ಗೋಡೆಯ ವಿಸ್ತೀರ್ಣದಲ್ಲಿ 1% ಬಯಲಾಗಿದ್ದರೆ, ಉಳಿದ 99% ಎಷ್ಟೇ ಗಟ್ಟಿಯಾಗಿದ್ದರೂ ಒಟ್ಟು ತಡೆ 20 ಡೆಸಿಬೆಲ್ ದಾಟದು. 10 ಚದರ ಮೀಟರ್ ಗೋಡೆಯಲ್ಲಿ 900 ಮಿ.ಮೀ. ಅಗಲದ ಬಾಗಿಲ ಕೆಳಗೆ 10 ಮಿ.ಮೀ. ಸಂದು ಬಿಟ್ಟರೆ ಅದು ಸುಮಾರು 0.1%, ಅಂದರೆ ಮಿತಿ 30 ಡೆಸಿಬೆಲ್. ಗೋಡೆಗೆ ಖರ್ಚು ಮಾಡಿದ್ದೆಲ್ಲ ಆ ಬಾಗಿಲಡಿಯಲ್ಲಿ ಸೋರಿಹೋಗುತ್ತದೆ.

ಸೋರುವ ಜಾಗಗಳು ಯಾವ ಕಟ್ಟಡದಲ್ಲೂ ಹೆಚ್ಚುಕಡಿಮೆ ಅವೇ. ಗೋಡೆಯನ್ನು ಫಾಲ್ಸ್ ಸೀಲಿಂಗಿನವರೆಗೆ ಮಾತ್ರ ಎಬ್ಬಿಸಿ ನಿಲ್ಲಿಸುವುದು ಮೊದಲನೆಯದು. ಮಾತು ಟೈಲುಗಳ ಮೇಲಿಂದ ಹಾರಿ ಪಕ್ಕಕ್ಕೆ ಇಳಿಯುತ್ತದೆ. ಗೋಡೆ ಮೇಲಿನ ಸ್ಲ್ಯಾಬ್ ಮುಟ್ಟಲೇಬೇಕು, ಅಲ್ಲಿನ ಸಂದಿಗೆ ಸೀಲೆಂಟ್ ತುಂಬಲೇಬೇಕು. ಎರಡು ಕೋಣೆಗಳ ವಿದ್ಯುತ್ ಬಾಕ್ಸುಗಳನ್ನು ಬೆನ್ನಿಗೆ ಬೆನ್ನು ಕೂರಿಸಿದರೆ ಅಲ್ಲಿ ಗೋಡೆಯೇ ಇಲ್ಲದಂತೆ. ಅವನ್ನು ಬೇರೆ ಬೇರೆ ಸ್ಟಡ್‌ಗಳ (ಗೋಡೆಯೊಳಗಿನ ನಿಲುವು ಪಟ್ಟಿಗಳ) ನಡುವಿನ ಖಾನೆಗೆ ಸರಿಸಬೇಕು. ಪೊಳ್ಳು ಬಾಗಿಲು ಬೇಡ, ಗಟ್ಟಿ ತಿರುಳಿನ ಬಾಗಿಲು ಹಾಕಿ, ಸುತ್ತ ರಬ್ಬರ್ ಸೀಲ್, ಕೆಳಗೆ ಮುಚ್ಚಿದಾಗ ತಾನೇ ಇಳಿಯುವ ಸೀಲ್ ಕೂರಿಸಿ. ಆಗ ಇನ್ನೊಂದು ಸಮಸ್ಯೆ ಎದ್ದು ನಿಲ್ಲುತ್ತದೆ: ಹವಾ ವ್ಯವಸ್ಥೆ ಮಾಡಿದ ಎಂಜಿನಿಯರ್ ಕೋಣೆಯ ಗಾಳಿ ಹೊರಹೋಗಲು ಆ ಬಾಗಿಲಡಿಯ ಸಂದನ್ನೇ ನಂಬಿರುತ್ತಾರೆ. ಒಳಮೈಗೆ ಧ್ವನಿ ಹೀರುವ ಪದರವಿರುವ, ಒಂದೆರಡು ತಿರುವುಗಳಿರುವ ಡಕ್ಟನ್ನು ಮೇಲಿನಿಂದ ಕೊಟ್ಟರೆ ಗಾಳಿ ಹೋಗುತ್ತದೆ, ಮಾತು ಹೋಗುವುದಿಲ್ಲ. ಧ್ವನಿಯ ತಜ್ಞರೂ ಹವಾ ವ್ಯವಸ್ಥೆಯ ಎಂಜಿನಿಯರೂ ಒಂದೇ ಮೇಜಿನ ಮುಂದೆ ಕೂತು ಮಾತಾಡದ ಯೋಜನೆಗಳಲ್ಲಿ, ಕೆಲಸ ಮುಗಿದ ಮೇಲೆ ಯಾರೋ ಬಡಗಿಯನ್ನು ಕರೆಸಿ ಆ ಸೀಲ್ ಕತ್ತರಿಸುತ್ತಾರೆ.

ಗುಟ್ಟು ಒಡೆಯುವುದು ಗೋಡೆಯಿಂದ ಮಾತ್ರವಲ್ಲ. ತೂಕದ ಯಂತ್ರವನ್ನು ಕಾರಿಡಾರಿನಲ್ಲಿಟ್ಟು ಅಂಕಿಯನ್ನು ಗಟ್ಟಿಯಾಗಿ ಹೇಳುವುದು, ಮೂತ್ರದ ಮಾದರಿಯ ಡಬ್ಬಿ ಹಿಡಿದು ಕಾಯುವವರ ಮುಂದೆಯೇ ನಡೆಯಬೇಕಾಗುವುದು, ಬಂದ ಕಾರಣವನ್ನು ಸಾಲಿನಲ್ಲಿ ನಿಂತೇ ಹೇಳಬೇಕಾಗುವುದು, ಇವೆಲ್ಲ ವಿನ್ಯಾಸದ ತಪ್ಪುಗಳೇ. ಯಂತ್ರ ಕೋಣೆಯೊಳಗಿರಲಿ. ಶೌಚಾಲಯಕ್ಕೂ ಪ್ರಯೋಗಾಲಯಕ್ಕೂ ನಡುವಿನ ಗೋಡೆಯಲ್ಲಿ ಎರಡು ಬಾಗಿಲ ಪುಟ್ಟ ಕಿಂಡಿ ಇದ್ದರೆ ಡಬ್ಬಿ ಅಲ್ಲೇ ದಾಟುತ್ತದೆ. ಸಾಲು ಕೌಂಟರಿನಿಂದ ಕನಿಷ್ಠ 2 ಮೀಟರ್ ಹಿಂದೆ ನಿಲ್ಲಲಿ, ಕೌಂಟರಿನ ಮೇಲ್ಗಡೆಯ ಚಾವಣಿ ಧ್ವನಿ ಹೀರುವಂತಿರಲಿ. ಕೌಂಟರಿನ ಒಂದು ಭಾಗ 860 ಮಿ.ಮೀ.ಗಿಂತ ಎತ್ತರವಿರಬಾರದು. ಗಾಲಿಕುರ್ಚಿಯಲ್ಲಿರುವವರು ಎತ್ತರದ ಕಟ್ಟೆಯಾಚೆಗೆ ಕೂಗಿ ಹೇಳುವಂತಾದರೆ ಅದೂ ಗುಟ್ಟು ರಟ್ಟಾದಂತೆಯೇ.

ಕಾಯುವ ಜಾಗಕ್ಕೆ ಎಷ್ಟು ಕುರ್ಚಿ? ಅಂದಾಜಿಗೆ ಬಿಡಬೇಡಿ, ಲೆಕ್ಕ ಸುಲಭವಿದೆ. ಒಂದು ಗಂಟೆಗೆ ಬರುವವರ ಸಂಖ್ಯೆಯನ್ನು ಸರಾಸರಿ ಕಾಯುವ ಸಮಯದಿಂದ ಗುಣಿಸಿದರೆ ಒಂದು ಹೊತ್ತಿಗೆ ಕೂತಿರುವವರ ಸಂಖ್ಯೆ ಸಿಗುತ್ತದೆ. ಇದನ್ನು ಸಂಶೋಧಕ ಜಾನ್ ಲಿಟ್ಲ್ 1961ರಲ್ಲಿ ಗಣಿತವಾಗಿ ಸಾಧಿಸಿ ತೋರಿಸಿದರು. 4 ಕೋಣೆಗಳು, ಒಬ್ಬರಿಗೆ 15 ನಿಮಿಷ ಎಂದರೆ ಗಂಟೆಗೆ 16 ಜನ. ಸರಾಸರಿ ಅರ್ಧ ಗಂಟೆ ಕಾದರೆ 8 ಜನ ಕೂತಿರುತ್ತಾರೆ. ಪ್ರತಿಯೊಬ್ಬರ ಜೊತೆ ಇನ್ನೊಬ್ಬರು ಬಂದರೆ 16. ದಟ್ಟಣೆಯ ಹೊತ್ತಿಗೆ ಅದರ ಅರ್ಧ ಸೇರಿಸಿ: 24 ಕುರ್ಚಿ, 40 ಚದರ ಮೀಟರಿನ ಆಸುಪಾಸು. ಅವನ್ನು ಬಸ್ ನಿಲ್ದಾಣದಂತೆ ಉದ್ದ ಸಾಲಾಗಿ ಜೋಡಿಸಬೇಡಿ. ಮೂರು ನಾಲ್ಕರ ಗುಂಪುಗಳಾಗಿ, ಬೆನ್ನಿಗೆ ಗೋಡೆಯ ಆಸರೆ ಸಿಗುವಂತೆ ಇಡಿ. ಮಂಡಿನೋವಿನವರು ಕೈಯೂರಿ ಏಳಬೇಕು, ಹಾಗಾಗಿ ಹೆಚ್ಚಿನ ಕುರ್ಚಿಗಳಿಗೆ ಗಟ್ಟಿ ಕೈಗಳಿರಲಿ, ಆಸನ 450 ಮಿ.ಮೀ. ಎತ್ತರವಿರಲಿ, ಕೆಲವು ಕುರ್ಚಿಗಳು ಕೈಯಿಲ್ಲದೆ ಅಗಲವಾಗಿರಲಿ. ಗಾಲಿಕುರ್ಚಿಯ ಜಾಗ ಗುಂಪಿನ ನಡುವೆಯೇ ಇರಬೇಕು, ಓಡಾಡುವ ದಾರಿಯ ಅಂಚಿನಲ್ಲಲ್ಲ. ಹೊರಗಿನ ಮರವೊಂದು ಕಾಣುವ ಕಿಟಕಿಯಿದ್ದರೆ ಅದನ್ನು ಕಚೇರಿಗೆ ಕೊಡದೆ ಈ ಜಾಗಕ್ಕೇ ಕೊಡಿ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಹೋಲಿಸಿ ನೋಡಿದಾಗ, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋಗಿದ್ದರು, ಬಲವಾದ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡಿದ್ದರು.

ಗಾಳಿಯ ವಿಷಯಕ್ಕೆ ಬಂದರೆ, ಕೋಣೆ ತಂಪಾಗಿದ್ದ ಮಾತ್ರಕ್ಕೆ ಗಾಳಿ ಬದಲಾಗಿದೆ ಎಂದಲ್ಲ. ಗೋಡೆಗೆ ತೂಗುಹಾಕುವ ಸಾಮಾನ್ಯ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ, ಹೊರಗಿನದನ್ನು ತರುವುದಿಲ್ಲ. ಗಂಟೆಗೆ 2 ಸಲ ಗಾಳಿ ಬದಲಾಗುವ ಕೋಣೆಯಲ್ಲಿ ಕೆಮ್ಮಿನ ಸೂಕ್ಷ್ಮ ಕಣಗಳಲ್ಲಿ 99% ಹೊರಹೋಗಲು 138 ನಿಮಿಷ ಬೇಕು. 6 ಸಲವಾದರೆ 46 ನಿಮಿಷ, 12 ಸಲವಾದರೆ 23. ಕೆಮ್ಮಿರುವವರಿಗೆ ಹೊರಗೋಡೆಯ ಪಕ್ಕದಲ್ಲೇ ಬೇರೆ ಕೂರುವ ಜಾಗ ಕೊಡಿ. ಗಾಳಿ ಸಿಬ್ಬಂದಿಯ ಕಡೆಯಿಂದ ರೋಗಿಯ ಕಡೆಗೆ, ಅಲ್ಲಿಂದ ಹೊರಕ್ಕೆ ಹರಿಯಲಿ. ಎಕ್ಸಾಸ್ಟ್ ಫ್ಯಾನನ್ನು ಬಾಗಿಲ ನೆತ್ತಿಯ ಮೇಲೆಯೇ ಕೂರಿಸಿದರೆ ಕಾರಿಡಾರಿನ ಗಾಳಿ ನೇರ ಅಲ್ಲಿಗೇ ಹೋಗುತ್ತದೆ, ಕೋಣೆಯ ಮೂಲೆ ಹಾಗೇ ಉಳಿಯುತ್ತದೆ.

ತಪಾಸಣಾ ಕೋಣೆ 3 ಮೀಟರ್ ಅಗಲ, 4 ಮೀಟರ್ ಉದ್ದ ಇದ್ದರೆ ಕೆಲಸ ನಡೆಯುತ್ತದೆ. ವೈದ್ಯರು ವಾಡಿಕೆಯಂತೆ ರೋಗಿಯ ಬಲಬದಿಯಲ್ಲಿ ನಿಂತು ಪರೀಕ್ಷಿಸುತ್ತಾರೆ, ಆದ್ದರಿಂದ ಮಂಚದ ಬಲಕ್ಕೆ ಕನಿಷ್ಠ 900 ಮಿ.ಮೀ. ಬಿಡಿ. ಸಾಲು ಕೋಣೆಗಳನ್ನು ಕನ್ನಡಿ ಪ್ರತಿಬಿಂಬದಂತೆ ತಿರುಗಿಸಿ ಬರೆದರೆ ಅರ್ಧ ಕೋಣೆಗಳಲ್ಲಿ ಎಡಬದಿಯೇ ತೆರೆದಿರುತ್ತದೆ. ಬಾಗಿಲು ತೆರೆದಾಗ ಅದರ ಹಲಗೆಯೇ ಮಂಚವನ್ನು ಮರೆಮಾಡುವಂತೆ ಕೀಲು ಹಾಕಿ. ಬಾಗಿಲಿನ ತೆರವು 900 ಮಿ.ಮೀ., ಒಳಗೆ ಗಾಲಿಕುರ್ಚಿ ತಿರುಗಲು 1500 ಮಿ.ಮೀ. ವೃತ್ತ. ಸಾಮಾನ್ಯ ಬೆಳಕು 500 ಲಕ್ಸ್, ಪರೀಕ್ಷೆಗೆ 1000 ಲಕ್ಸ್, ಬಣ್ಣ ತೋರುವ ಸೂಚ್ಯಂಕ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ 100ರ ಅಂಕ) 90ಕ್ಕೆ ಕಡಿಮೆಯಿಲ್ಲದ ದೀಪ. ಈ ಕೋಣೆಗೆ ಹಳದಿ ಅಥವಾ ಗಾಢ ನೀಲಿ ಬಣ್ಣ ಬೇಡ: ಗೋಡೆಯಿಂದ ಚಿಮ್ಮಿದ ಬಣ್ಣ ಚರ್ಮದ ಮೇಲೆ ಬಿದ್ದರೆ ಕಾಮಾಲೆಯ ಹಳದಿಯೂ, ಆಮ್ಲಜನಕದ ಕೊರತೆಯ ನೀಲಿಯೂ ಗುರುತಿಗೆ ಸಿಗದೆ ಹೋಗಬಹುದು.

ಸಿಂಕ್ ಬಾಗಿಲಿನಿಂದ ಮಂಚಕ್ಕೆ ಹೋಗುವ ದಾರಿಯಲ್ಲಿರಲಿ. ಸುತ್ತಿ ಹೋಗಬೇಕಾದರೆ ಕೈ ತೊಳೆಯುವುದು ತಪ್ಪುತ್ತದೆ. ನಲ್ಲಿಯ ಧಾರೆ ನೇರವಾಗಿ ಚರಂಡಿಯ ಬಾಯಿಗೆ ಬೀಳಬಾರದು. ಬಿದ್ದರೆ ಅಲ್ಲಿ ಬೆಳೆದ ಬ್ಯಾಕ್ಟೀರಿಯಾ ಹನಿಗಳ ಜೊತೆ ಮೇಲೇಳುತ್ತದೆ, ಆ ಹನಿಗಳು 1 ಮೀಟರಿನವರೆಗೂ ಸಿಡಿಯುತ್ತವೆ. ಹಾಗಾಗಿ ಚುಚ್ಚುಮದ್ದು ತಯಾರಿಸುವ ಕಟ್ಟೆ ಅಷ್ಟು ದೂರವಿರಲಿ, ಇಲ್ಲವೇ ನಡುವೆ ಅಡ್ಡಹಲಗೆ ಬರಲಿ. ಸೂಜಿ ಹಾಕುವ ಡಬ್ಬಿ ನಿಂತು ಕೆಲಸ ಮಾಡುವ ಕಡೆ ನೆಲದಿಂದ 1320ರಿಂದ 1420 ಮಿ.ಮೀ. ಎತ್ತರದಲ್ಲಿರಬೇಕು, ಬಾಯಿ ಕಣ್ಣಿಗೆ ಕಾಣಬೇಕು.

ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಬಿದ್ದವರ ಮೈಯೇ ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾಗುತ್ತದೆ. ಹಿಡಿಕಂಬಿ 840ರಿಂದ 915 ಮಿ.ಮೀ. ಎತ್ತರದಲ್ಲಿ, ಸುಮಾರು 1.1 ಕಿಲೋನ್ಯೂಟನ್ (ಹೆಚ್ಚುಕಡಿಮೆ 110 ಕಿಲೋ ತೂಕದಷ್ಟು) ಭಾರ ತಡೆಯುವಂತೆ ಇರಬೇಕು. ಜಿಪ್ಸಂ ಗೋಡೆಯಾದರೆ ಮುಚ್ಚುವ ಮೊದಲೇ ಒಳಗೆ ಪ್ಲೈವುಡ್ ಕೂರಿಸಿ, ಇಲ್ಲದಿದ್ದರೆ ಆಸರೆ ಬೇಕಾದ ದಿನವೇ ಕಂಬಿ ಕಿತ್ತು ಕೈಗೆ ಬರುತ್ತದೆ. ತುರ್ತು ಕರೆಯ ಹಗ್ಗ ನೆಲದಿಂದ 100 ಮಿ.ಮೀ.ವರೆಗೂ ಇಳಿಬಿದ್ದಿರಬೇಕು. ನೆಲ ಒರೆಸುವಾಗ ಅಡ್ಡಿಯೆಂದು ಅದನ್ನು ಮೇಲಕ್ಕೆ ಸುತ್ತಿ ಕಟ್ಟುವುದು ಎಲ್ಲೆಡೆ ಕಾಣುವ ರೂಢಿ. ಒರೆಸಿ ಸ್ವಚ್ಛ ಮಾಡಬಹುದಾದ ಪ್ಲಾಸ್ಟಿಕ್ ಹೊದಿಕೆಯ ಹಗ್ಗವನ್ನು ಮೂಲೆಗೆ ಹತ್ತಿರ ಕೊಟ್ಟರೆ ಅದನ್ನು ಕಟ್ಟುವ ಅಗತ್ಯ ಬೀಳುವುದಿಲ್ಲ.

ನೆಲಕ್ಕೆ 2 ಮಿ.ಮೀ. ವಿನೈಲ್ ಹಾಳೆ, ಬಿಸಿ ಬೆಸುಗೆಯ ಸೇರಿಕೆ, ಗೋಡೆಗೆ 100 ಮಿ.ಮೀ. ಏರಿಸಿದ ಅಂಚು. ಕಾಂಕ್ರೀಟಿನ ತೇವ ಇಳಿಯದೆ ಹಾಸಿದರೆ ಅಂಟು ಬಿಟ್ಟು ಗುಳ್ಳೆ ಏಳುತ್ತದೆ. ಆರ್ದ್ರತಾ ಮಾಪಕ 75%ಕ್ಕಿಂತ ಕೆಳಗೆ ತೋರಿಸುವವರೆಗೆ ಕಾಯಲೇಬೇಕು. ಹೊಳೆಯುವ ನೆಲ ಕಣ್ಣು ಮಂಜಾದವರಿಗೆ ಒದ್ದೆಯಂತೆ, ಕಪ್ಪು ಚಾಪೆ ಹಳ್ಳದಂತೆ ಕಾಣುತ್ತದೆ. ನೆಲ, ಚಾಪೆ ಒಂದೇ ತಿಳಿಬಣ್ಣದವಾಗಿರಲಿ. ಬಾಗಿಲು ಮಾತ್ರ ಗೋಡೆಯಿಂದ ಬೇರೆಯಾಗಿ ಎದ್ದು ಕಾಣಲಿ.

ಆಪ್ತಸಮಾಲೋಚನೆಯ ಗುಂಪು ಕೋಣೆಯನ್ನು ಉಳಿದ ಮೂಲೆಗೆ ಹಾಕುವುದುಂಟು. 12 ಜನ ವೃತ್ತವಾಗಿ ಕೂತರೆ, ಒಬ್ಬರಿಗೆ 800 ಮಿ.ಮೀ. ಹಿಡಿದರೂ ವೃತ್ತದ ವ್ಯಾಸ ಸುಮಾರು 3.1 ಮೀಟರ್. ಎರಡೂ ಕಡೆ ಕುರ್ಚಿಯ ಬೆನ್ನು, ಹಿಂದೆ ಓಡಾಡುವ ಜಾಗ ಸೇರಿದರೆ 5.5 ಮೀಟರ್ ಬೇಕು, ಅಂದರೆ 30 ಚದರ ಮೀಟರ್. ಇದಕ್ಕಿಂತ ಚಿಕ್ಕದಾದರೆ ನಡುವೆ ಎದ್ದು ಹೋಗಬೇಕೆನಿಸಿದವರು ಎಲ್ಲರ ಕಾಲು ದಾಟಬೇಕು. ಅಂಥವರು ಮುಂದಿನ ವಾರ ಬರುವುದಿಲ್ಲ.

ಗೋಡೆ ಎಬ್ಬಿಸುವ ಮೊದಲು ನೆಲದ ಮೇಲೆ ಟೇಪಿನಿಂದ ಪೂರ್ಣ ಅಳತೆಯ ಕೋಣೆ ಬರೆದು, ನಿಜವಾದ ಮಂಚ ಮತ್ತು ಗಾಲಿಕುರ್ಚಿ ತಂದು, ಅಲ್ಲಿ ಕೆಲಸ ಮಾಡಲಿರುವ ನರ್ಸ್‌ಗಳಿಂದಲೇ ಓಡಾಡಿಸಿ ನೋಡಿ. ಎಲ್ಲ ಮುಗಿದ ಮೇಲೆ, ಕೀಲಿ ಪಡೆಯುವ ಮುಂಚೆ ಇನ್ನೊಂದು ಪರೀಕ್ಷೆ ಮಾಡಿ. ಫ್ಯಾನು, ಎಸಿ ಆರಿಸಿ, ಒಬ್ಬರು ತಪಾಸಣಾ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಸಹಜ ದನಿಯಲ್ಲಿ ಒಂದು ಪುಟ ಓದಲಿ. ಇನ್ನೊಬ್ಬರು ಪಕ್ಕದ ಕೋಣೆಯಲ್ಲೂ, ಆಮೇಲೆ ಕಾಯುವ ಕುರ್ಚಿಯಲ್ಲೂ ಕೂತು ಕೇಳಿಸಿದ ಪದಗಳನ್ನು ಬರೆದುಕೊಳ್ಳಲಿ. ಗುಯ್ ಎನ್ನುವ ಸದ್ದು ಮಾತ್ರವಾದರೆ ಅಡ್ಡಿಯಿಲ್ಲ. ಪದಗಳೇ ತಿಳಿದರೆ ಕೋಣೆಯಲ್ಲಿ ದೀಪ ಉರಿಸಿ, ಹೊರಗಿನ ದೀಪ ಆರಿಸಿ, ಬಾಗಿಲಡಿಯಲ್ಲಿ ಮತ್ತು ಚೌಕಟ್ಟಿನ ಸುತ್ತ ಬೆಳಕು ಎಲ್ಲಿಂದ ಬರುತ್ತಿದೆ ನೋಡಿ. ಬೆಳಕು ಬರುವ ಕಡೆಯಿಂದಲೇ ಮಾತೂ ಬರುತ್ತಿರುತ್ತದೆ. ಅಲ್ಲೆಲ್ಲೂ ಬೆಳಕಿಲ್ಲದಿದ್ದರೆ ಏಣಿ ಹತ್ತಿ, ಸೀಲಿಂಗಿನ ಒಂದು ಟೈಲು ಎತ್ತಿ, ಗೋಡೆ ಸ್ಲ್ಯಾಬನ್ನು ಮುಟ್ಟಿದೆಯೇ ಎಂದು ಕಣ್ಣಾರೆ ನೋಡಿ. ಗುತ್ತಿಗೆದಾರರ ಕೊನೆಯ ಬಿಲ್ಲಿಗೆ ಸಹಿ ಹಾಕುವುದು ಅದಾದ ಮೇಲೆ.